ಹೆಡ್‌ಮಾಸ್ಟ್ರ ಚೀಟಿ ಮತ್ತು ಅರ್ಜೆಂಟೀನಾದ ಪಟಾಕೋನ್

(ಸುವರ್ಣ ಮಹೋತ್ಸವದ ಎರಡನೆಯ ದಿನ, ಡಿಸೆಂಬರ್ 2024ರಲ್ಲಿ, ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. 1979ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಮಾಡಿ, ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿ ಇಪ್ಪತ್ತೇಳು ವರ್ಷ ದುಡಿದವನು. ಎಂಜಿನ್ ರೂಮಿನಲ್ಲಿ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಕೆಲಸ. ಹಾಗಾಗಿ ಮಾತು ತಪ್ಪಿದರೆ ತಿದ್ದಿಕೊಳ್ಳಿ. ಸಮಿತಿಯವರು "ಎಷ್ಟೋ ದೇಶ ನೋಡಿದ್ದೀರಿ, ಒಂದು ದೇಶದ ಬಗ್ಗೆ ಹೇಳಿ" ಅಂದರು. ದೇಶ ನೋಡಿದ್ದೇನೆ ಅನ್ನುವುದಕ್ಕಿಂತ ಬಂದರು ನೋಡಿದ್ದೇನೆ ಅನ್ನುವುದು ಸರಿ. ಹಡಗಿನವರಿಗೆ ಒಂದು ದೇಶ ಅಂದರೆ ಒಂದು ಜೆಟ್ಟಿ, ಒಂದು ಗೇಟು, ಗೇಟಿನಾಚೆ ಒಂದು ಅಂಗಡಿ, ಅಷ್ಟೇ.

ಇವತ್ತು ಜೇಬಿನಲ್ಲಿ ಎರಡು ಕಾಗದ ತಂದಿದ್ದೇನೆ. ಒಂದನ್ನು ಈಗ ತೋರಿಸುತ್ತೇನೆ, ಇನ್ನೊಂದನ್ನು ಆಮೇಲೆ.

ಇದು ನೋಡಿ. ಮಕ್ಕಳೇ, ಕೈಯಿಂದ ಕೈಗೆ ದಾಟಿಸಿ ನೋಡಿ, ಮಡಚಬೇಡಿ. ನೋಟಿನ ಹಾಗೇ ಇದೆ ಅಲ್ಲವೇ? ನಂಬರಿದೆ, ಸಹಿ ಇದೆ, 5 ಎಂದು ದೊಡ್ಡದಾಗಿ ಇದೆ. ಆದರೆ ಇದು ನೋಟಲ್ಲ, ಸಾಲಪತ್ರ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತದ ಸರ್ಕಾರ ತನ್ನ ನೌಕರರಿಗೆ ಸಂಬಳದ ಬದಲು ಕೊಟ್ಟ ಸಾಲಪತ್ರ. ಹೆಸರು ಪಟಾಕೋನ್. ಅದು ಆ ಕಡೆ ಹಿಂದೆ ಚಲಾವಣೆಯಲ್ಲಿದ್ದ ಒಂದು ಬೆಳ್ಳಿ ನಾಣ್ಯದ ಹೆಸರು. ಕಾಗದಕ್ಕೆ ಬೆಳ್ಳಿಯ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.

2002ರ ಮಾರ್ಚ್ ತಿಂಗಳಲ್ಲಿ ನಮ್ಮ ಹಡಗು ಸೂರ್ಯಕಾಂತಿ ಎಣ್ಣೆ ತುಂಬಿಸಿಕೊಳ್ಳಲು ಬಾಯಿಯಾ ಬ್ಲಾಂಕಾ ಎಂಬ ಊರಿನ ಬಂದರಿಗೆ ಹೋಗಿತ್ತು. ನಮ್ಮ ಮನೆಗಳಲ್ಲಿ ಹಪ್ಪಳ ಕರಿಯುವ ಎಣ್ಣೆ ಎಷ್ಟೋ ಸಲ ಆ ದೇಶದ ಹೊಲದಿಂದ ಬಂದದ್ದು, ನಮಗೆ ಗೊತ್ತಿರುವುದಿಲ್ಲ. ಮೂರು ದಿನ ನಿಂತೆವು. ಎರಡನೇ ದಿನ ಬಿಡುವು ಸಿಕ್ಕಿತು, ನಾನೂ ಫಿಲಿಪೈನ್ಸಿನ ಒಬ್ಬ ಆಯಿಲರ್ ಹುಡುಗನೂ ಊರು ನೋಡಲು ಹೋದೆವು. ಬ್ಯಾಂಕುಗಳ ಗಾಜಿಗೆಲ್ಲ ತಗಡು ಹೊಡೆದಿದ್ದರು. ತಗಡಿನ ಮೇಲೆ ತಟ್ಟಿದ, ಗುದ್ದಿದ ಗುರುತು. ಬೇಕರಿಯೊಂದಕ್ಕೆ ಹೋಗಿ ಬ್ರೆಡ್ಡು, ಸಿಹಿ ಬನ್ನು ತೆಗೆದುಕೊಂಡು ಹತ್ತು ಪೆಸೊ ನೋಟು ಕೊಟ್ಟೆ. ಚಿಲ್ಲರೆಯಾಗಿ ಬಂದದ್ದು ಈ ಕಾಗದ. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಲಾಟರಿ ಟಿಕೆಟ್ ಕೊಟ್ಟು ಸಾಗಹಾಕುತ್ತಿದ್ದಾನೆ ಅಂತಲೇ ನನ್ನ ಅನುಮಾನ. ಹರಕು ಸ್ಪ್ಯಾನಿಷ್‌ನಲ್ಲಿ "ಪೆಸೊ, ಪೆಸೊ" ಅಂದೆ. ಅಂಗಡಿಯವ ಕೈ ಎತ್ತಿ ಇಷ್ಟೇ ಇರುವುದು ಎಂಬಂತೆ ಗಲ್ಲಾಪೆಟ್ಟಿಗೆ ತೆರೆದು ತೋರಿಸಿದ. ಅದರೊಳಗೆ ಪೂರಾ ಇದೇ.

ನನ್ನ ಹಿಂದೆ ಸಾಲಿನಲ್ಲಿದ್ದ ಒಬ್ಬ ಹೆಂಗಸು ನಕ್ಕರು. ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ತಾನು ಸರ್ಕಾರಿ ಶಾಲೆಯ ಟೀಚರ್, ತನ್ನ ಸಂಬಳದ ಒಂದು ಭಾಗ ಹೋದ ವರ್ಷದಿಂದ ಇದರಲ್ಲೇ ಬರುವುದು, ಇದೇ ಪ್ರಾಂತದೊಳಗೆ ಹೆದರದೆ ಖರ್ಚು ಮಾಡಬಹುದು, ಹಡಗು ಹತ್ತಿದ ಮೇಲೆ ಮಾತ್ರ ಇದು ಬರೀ ಕಾಗದ ಅಂತ ಹೇಳಿದರು. ನನ್ನಿಂದ ವಾಪಸು ತೆಗೆದುಕೊಂಡು ತನ್ನ ಹತ್ತಿರವಿದ್ದ ಪೆಸೊ ಕೊಡಲು ಹೋದರು. ನಾನು ಬೇಡ ಅಂದೆ. ಕಾರಣ ಇದೆ, ಅದು ಎರಡನೇ ಕಾಗದದ ಕಥೆ. ಅದಕ್ಕೂ ಮೊದಲು, ಒಂದು ಪ್ರಾಂತ ಯಾಕೆ ಸ್ವಂತ ಕಾಗದ ಅಚ್ಚು ಹಾಕಿಸುವ ಹೊತ್ತು ಬಂತು ಎಂದು ಹೇಳಬೇಕು. ಇದನ್ನು ನಾನು ಆಮೇಲೆ, ಹಡಗಿನಲ್ಲೂ ನಿವೃತ್ತನಾದ ಮೇಲೂ ಓದಿ ತಿಳಿದುಕೊಂಡದ್ದು.

ಅರ್ಜೆಂಟೀನಾ ಬಡ ದೇಶವಲ್ಲ. ಗೋಧಿ, ಮಾಂಸ, ಎಣ್ಣೆ ಲೋಕಕ್ಕೆ ಮಾರುವ ದೇಶ. ಆದರೆ ಅವರ ದುಡ್ಡಿಗೆ ಮಾತ್ರ ಮೊದಲಿಂದಲೂ ಜ್ವರ. 1989ರಲ್ಲಿ ಒಂದೇ ವರ್ಷದಲ್ಲಿ ಬೆಲೆಗಳು 30 ಪಟ್ಟಿಗಿಂತ ಹೆಚ್ಚಾದವು. ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ. ಇದಕ್ಕೆ ಮದ್ದು ಎಂದು 1991ರ ಏಪ್ರಿಲ್‌ನಲ್ಲಿ ಒಂದು ಕಾನೂನು ಬಂತು: ಒಂದು ಪೆಸೊ ಅಂದರೆ ಒಂದು ಅಮೆರಿಕನ್ ಡಾಲರ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೆನೆಮ್ ಅಧ್ಯಕ್ಷರು, ಕವಾಲೊ ಹಣಕಾಸು ಮಂತ್ರಿ. ಪೆಸೊ ಅಚ್ಚು ಹಾಕಬೇಕಾದರೆ ಅಷ್ಟೇ ಡಾಲರ್ ಕೇಂದ್ರ ಬ್ಯಾಂಕಿನಲ್ಲಿರಬೇಕು. ಮದ್ದು ಹಿಡಿಯಿತು, ಬೆಲೆ ನಿಂತಿತು. ಕೆಲವು ವರ್ಷ ಜನ ನೆಮ್ಮದಿಯಾಗಿ ನಿದ್ದೆ ಮಾಡಿದರು, ಡಾಲರಿನಲ್ಲೇ ಸಾಲ ಮಾಡಿದರು.

ಕಟ್ಟಿಹಾಕಿದ ಹಗ್ಗ ಮೇಯಲಿಕ್ಕೂ ಬಿಡುವುದಿಲ್ಲ. 1998ರಿಂದ ವ್ಯಾಪಾರ ಬಿತ್ತು. 1999ರ ಜನವರಿಯಲ್ಲಿ ಪಕ್ಕದ ಬ್ರೆಜಿಲ್ ತನ್ನ ದುಡ್ಡಿನ ಬೆಲೆ ಇಳಿಸಿತು. ಬ್ರೆಜಿಲ್ ಮಾಲು ಅಗ್ಗ, ಅರ್ಜೆಂಟೀನಾದ್ದು ದುಬಾರಿ. ಕಾರ್ಖಾನೆ ಮುಚ್ಚಿದವು, ತೆರಿಗೆ ಇಳಿಯಿತು. ಸಾಮಾನ್ಯವಾಗಿ ಸರ್ಕಾರಗಳು ಇಂಥ ಹೊತ್ತಿನಲ್ಲಿ ನೋಟು ಅಚ್ಚು ಹಾಕುತ್ತವೆ, ಇಲ್ಲವೇ ಸಾಲ ತರುತ್ತವೆ. ಇಲ್ಲಿ ಒಂದಕ್ಕೆ ಕಾನೂನಿನ ಬೀಗ, ಇನ್ನೊಂದಕ್ಕೆ ಕೊಡುವವರೇ ಇಲ್ಲ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ಸಂಬಳ, ಪಿಂಚಣಿಯಲ್ಲಿ ಶೇ. 13 ಕಡಿತ ಮಾಡಿತು.

ಪ್ರಾಂತಗಳ ಪಾಡು ಇನ್ನೂ ಕಷ್ಟ. ನಮ್ಮ ರಾಜ್ಯಗಳ ಹಾಗೆ ಶಾಲೆ, ಆಸ್ಪತ್ರೆ, ಪೊಲೀಸು ಎಲ್ಲ ಅವರ ತಲೆ ಮೇಲೆ. ಖರ್ಚಿನ ದೊಡ್ಡ ಪಾಲು ಸಂಬಳ. ಸಂಬಳ ಕೊಡದಿದ್ದರೆ ಏನಾಗುತ್ತದೆ ಎಂದು ಅವರು ಆಗಲೇ ನೋಡಿದ್ದರು. ಕೊರಿಯೆಂಟೆಸ್ ಎಂಬ ಪ್ರಾಂತದಲ್ಲಿ 1999ರಲ್ಲಿ ತಿಂಗಳುಗಟ್ಟಲೆ ಸಂಬಳ ಬಾರದೆ ಟೀಚರುಗಳು ಬೀದಿಗಿಳಿದರು, ಡಿಸೆಂಬರಿನಲ್ಲಿ ದೊಡ್ಡ ಸೇತುವೆ ಅಡ್ಡಗಟ್ಟಿದರು. ಅದನ್ನು ತೆರವು ಮಾಡುವಾಗ ಇಬ್ಬರು ಯುವಕರ ಪ್ರಾಣ ಹೋಯಿತು. ಇಲ್ಲಿ ಕೂತಿರುವ ಗುರುಗಳು ಈ ಮಾತನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು.

ಹೀಗಿರುವಾಗ 2001ರ ಆಗಸ್ಟ್‌ನಿಂದ ಬ್ಯೂನಸ್ ಐರಿಸ್ ಪ್ರಾಂತ ಪಟಾಕೋನ್ ಹಂಚತೊಡಗಿತು. ರಾಜಧಾನಿ ನಗರದ ಹೆಸರೂ ಅದೇ, ಆದರೆ ಪ್ರಾಂತ ಬೇರೆ, ಅದರ ಮುಖ್ಯಪಟ್ಟಣ ಲಾ ಪ್ಲಾಟಾ. ದೇಶದಲ್ಲೇ ದೊಡ್ಡ ಪ್ರಾಂತ, ಒಂದು ಕೋಟಿಗೂ ಹೆಚ್ಚು ಜನ. ಕೇಂದ್ರ ಬ್ಯಾಂಕಿನ ಹೊರತು ಬೇರೆ ಯಾರೂ ನೋಟು ಹೊರಡಿಸುವ ಹಾಗಿಲ್ಲ, ಅದಕ್ಕೇ ಇದನ್ನು ಖಜಾನೆಯ ಸಾಲಪತ್ರ ಎಂದರು. ಒಂದು ವರ್ಷದ ಅವಧಿ, ಶೇ. 7 ಬಡ್ಡಿ. ಅಂದರೆ ಈ ಐದು ಪಟಾಕೋನ್ 2002ರ ಜುಲೈನಲ್ಲಿ ಐದು ಪೆಸೊ ಮೂವತ್ತೈದು ಸೆಂಟಾವೊ ಆಗಬೇಕಿತ್ತು. ಜೇಬಿನಲ್ಲಿಟ್ಟರೆ ಬೆಳೆಯುವ ನೋಟು! ಆದರೆ ಬಡ್ಡಿಗೆ ಕಾಯುವಷ್ಟು ತಾಳ್ಮೆ ಹಸಿದವರಿಗೆ ಎಲ್ಲಿಂದ ಬರಬೇಕು? ಸಂಬಳದ ದಿನವೇ ಖರ್ಚು.

ಅಂಗಡಿಯವರು ಯಾಕೆ ತೆಗೆದುಕೊಂಡರು ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ಬಡ್ಡಿ ಕಾರಣವಲ್ಲ, ದೇಶಭಕ್ತಿಯೂ ಅಲ್ಲ. ಕಾರಣ ತೆರಿಗೆ. ಪ್ರಾಂತದ ಸರ್ಕಾರ "ನನಗೆ ಕಟ್ಟಬೇಕಾದ ತೆರಿಗೆಯನ್ನು ಇದರಲ್ಲೇ ಕಟ್ಟಿ, ಮುಖಬೆಲೆಗೆ ತೆಗೆದುಕೊಳ್ಳುತ್ತೇನೆ" ಅಂದಿತು. ತೆರಿಗೆ ಕಟ್ಟದ ಅಂಗಡಿಯವ ಯಾರು? ಆಮೇಲೆ ಕರೆಂಟು, ಫೋನಿನ ಬಿಲ್ಲಿಗೂ ನಡೆಯಿತು. ಸೂಪರ್ ಮಾರ್ಕೆಟ್ಟಿನವರು ತೆಗೆದುಕೊಂಡರು. ಮೆಕ್‌ಡೊನಾಲ್ಡ್ಸ್‌ನವರು ಐದು ಪಟಾಕೋನಿಗೆ ಒಂದು ಊಟ ಮಾಡಿ ಅದಕ್ಕೆ ಪಟಾಕೊಂಬೊ ಎಂದು ಹೆಸರಿಟ್ಟರು. ನನ್ನ ಕೈಯಲ್ಲಿರುವುದು ಆ ಲೆಕ್ಕದಲ್ಲಿ ಒಂದು ಹೊತ್ತಿನ ಊಟ.

ಇಲ್ಲಿ ಮನುಷ್ಯಬುದ್ಧಿಯ ಒಂದು ವಿಷಯ ಇದೆ. ಹರಿದ ನೋಟು ಕೈಗೆ ಬಂದರೆ ನಾವೇನು ಮಾಡುತ್ತೇವೆ? ಮೊದಲು ಅದನ್ನು ಬಸ್ಸಿನ ಕಂಡಕ್ಟರಿಗೆ ದಾಟಿಸುತ್ತೇವೆ, ಒಳ್ಳೆಯದನ್ನು ಇಟ್ಟುಕೊಳ್ಳುತ್ತೇವೆ. ಅಲ್ಲಿಯೂ ಅದೇ. ಪಟಾಕೋನ್ ಕೈಯಿಂದ ಕೈಗೆ ಓಡಿತು, ಪೆಸೊ ತಲೆದಿಂಬಿನಡಿ ಸೇರಿತು, ಡಾಲರ್ ದೇಶವನ್ನೇ ಬಿಟ್ಟಿತು. ಆ ಬೇಕರಿಯವನ ಗಲ್ಲಾಪೆಟ್ಟಿಗೆಯಲ್ಲಿ ಬರೀ ಪಟಾಕೋನ್ ಇದ್ದದ್ದು ಅದಕ್ಕೇ. ಅವನ ಕಷ್ಟ ಏನೆಂದರೆ, ಬೇರೆ ಪ್ರಾಂತದಿಂದ ಮಾಲು ತಂದರೆ ಅವರು ಇದನ್ನು ಮುಟ್ಟುವುದಿಲ್ಲ. ಬೇರೆ ಪ್ರಾಂತಗಳಲ್ಲಿ ಬೇರೆ ಕಾಗದ. ಕೊರ್ದೊಬಾದಲ್ಲಿ ಲೆಕೋರ್, ಎಂತ್ರೆ ರಿಯೋಸ್‌ನಲ್ಲಿ ಫೆದೆರಾಲ್, ಕೊರಿಯೆಂಟೆಸ್‌ನಲ್ಲಿ ಸೆಕಾಕೊರ್. ಚಾಕೊ ಪ್ರಾಂತದ್ದಕ್ಕೆ ಕೆಬ್ರಾಚೊ ಎಂದು ಹೆಸರು, ಅದು ಚರ್ಮ ಹದ ಮಾಡುವ ರಸ ತೆಗೆಯುವ ಅಲ್ಲಿನ ಗಟ್ಟಿ ಮರ. ತುಕುಮಾನ್ ಪ್ರಾಂತಕ್ಕಂತೂ ಇದು ಹೊಸದಲ್ಲ, 1980ರ ದಶಕದಿಂದಲೇ ಇಂಥ ಕಾಗದ ಹೊರಡಿಸಿ ರೂಢಿ. ಕೊನೆಗೆ ಕೇಂದ್ರ ಸರ್ಕಾರವೇ ಪ್ರಾಂತಗಳಿಗೆ ಕೊಡಬೇಕಾದ ಪಾಲನ್ನು ಲೆಕೊಪ್ ಎಂಬ ಕಾಗದದಲ್ಲಿ ಕೊಟ್ಟಿತು, ಅದು ಮಾತ್ರ ದೇಶವಿಡೀ ನಡೆಯುತ್ತಿತ್ತು. ಒಂದು ಹಂತದಲ್ಲಿ ಇವೆಲ್ಲ ಸೇರಿ ಏಳುನೂರು ಕೋಟಿ ಪೆಸೊ ಮೀರಿತ್ತು, ಜನರ ಕೈಯಲ್ಲಿದ್ದ ದುಡ್ಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚು. ನೆಚ್ಚಿಕೆ ಇದ್ದ ಪ್ರಾಂತದ ಕಾಗದ ಮುಖಬೆಲೆಯ ಹತ್ತಿರ ನಡೆಯಿತು, ಇಲ್ಲದ ಕಡೆಯದು ಹರಾಜು. ನಷ್ಟ ಯಾರಿಗೆ? ಅಂಗಡಿಯವ ಬೇಡ ಅನ್ನಬಹುದು. ಸಂಬಳ ತೆಗೆದುಕೊಳ್ಳುವ ಟೀಚರು, ಆಯಾ, ಗುಮಾಸ್ತ ಬೇಡ ಅನ್ನುವ ಹಾಗಿಲ್ಲ.

2001ರ ಡಿಸೆಂಬರ್ ಒಂದರಂದು ಬ್ಯಾಂಕಿನಿಂದ ವಾರಕ್ಕೆ 250 ಪೆಸೊಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ಆಜ್ಞೆ ಬಂತು. ಜನ ಅದಕ್ಕೆ ಕೊರಾಲಿತೊ ಎಂದು ಹೆಸರಿಟ್ಟರು. ಅಂಬೆಗಾಲಿಡುವ ಮಗು ಹೊರಗೆ ಹೋಗದಂತೆ ಸುತ್ತ ಕಟ್ಟುವ ಪುಟ್ಟ ಬೇಲಿಗೆ ಅಲ್ಲಿ ಹಾಗನ್ನುತ್ತಾರೆ. ದುಡಿದು ಇಟ್ಟವರನ್ನು ಮಗುವಿನ ಹಾಗೆ ಬೇಲಿಯೊಳಗೆ ಕೂರಿಸಿದರು. ಜನ ಅಡುಗೆಮನೆಯ ಪಾತ್ರೆ, ಸೌಟು ಹಿಡಿದು ಬೀದಿಗೆ ಬಂದು ಬಡಿದರು. 19 ಮತ್ತು 20ನೇ ತಾರೀಕು ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಧ್ಯಕ್ಷ ದೆ ಲಾ ರುವಾ ರಾಜೀನಾಮೆ ಬರೆದು ಹೆಲಿಕಾಪ್ಟರಿನಲ್ಲಿ ಹೋದರು. ಎರಡು ವಾರದೊಳಗೆ ಅಧ್ಯಕ್ಷರ ಕುರ್ಚಿಯಲ್ಲಿ ಐದು ಜನ ಕೂತೆದ್ದರು. ಸಾಲ ತೀರಿಸುವುದಿಲ್ಲ ಎಂದು ದೇಶ ಘೋಷಿಸಿತು. ಜನವರಿಯಲ್ಲಿ ಒಂದಕ್ಕೊಂದು ಎಂಬ ಕಾನೂನೇ ಹೋಯಿತು. ನಾವು ಹೋದ ಮಾರ್ಚ್ ತಿಂಗಳ ಕೊನೆಗೆ ಒಂದು ಡಾಲರಿಗೆ ಮೂರು ಪೆಸೊ ದಾಟಿತ್ತು. ಬ್ಯಾಂಕಿನಲ್ಲಿ ಡಾಲರ್ ಇಟ್ಟವರಿಗೆ ಡಾಲರಿಗೆ 1 ಪೆಸೊ 40 ಸೆಂಟಾವೊದ ಲೆಕ್ಕ ಹಾಕಿದರು. ತಗಡಿನ ಮೇಲಿನ ಗುದ್ದು ಅದರದ್ದು.

ವಿಚಿತ್ರ ನೋಡಿ, ಬೆನ್ನಿಗೆ ಡಾಲರ್ ಇದ್ದ ಪೆಸೊ ಮುರಿದುಬಿತ್ತು, ಬೆನ್ನಿಗೆ ಏನೂ ಇಲ್ಲದ ಪಟಾಕೋನ್ ಆ ಚಳಿಗಾಲವನ್ನೂ ದಾಟಿತು. 2003ರಲ್ಲಿ ಕೇಂದ್ರ ಸರ್ಕಾರ ಈ ಕಾಗದಗಳನ್ನೆಲ್ಲ ವಾಪಸು ಪಡೆದು ಪೆಸೊ ಕೊಡುವ ಯೋಜನೆ ಮಾಡಿತು. ಪಟಾಕೋನ್ ಇಟ್ಟುಕೊಂಡವರಿಗೆ ಮುಖಬೆಲೆ ಸಿಕ್ಕಿತು. ಆದರೆ ಆ ಹೊತ್ತಿಗೆ ಪೆಸೊದ ಬೆಲೆಯೇ ಮೂರನೇ ಒಂದು ಪಾಲಿಗೆ ಇಳಿದಿತ್ತು ಎಂಬುದನ್ನು ಮರೆಯಬಾರದು. ಕೆಲವರು ಪಟಾಕೋನನ್ನು ಮೋಸ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಟೀಚರ್ ಅವತ್ತು ಬ್ರೆಡ್ಡು ಕೊಂಡದ್ದು ಅದರಲ್ಲೇ.

ಹಾಗೆಂದು ಕಾಗದ ಯಾರು ಬೇಕಾದರೂ ಮಾಡಬಹುದು ಎಂದಲ್ಲ. ಅದೇ ದೇಶದಲ್ಲಿ 1995ರಲ್ಲಿ ಬೆರ್ನಾಲ್ ಎಂಬ ಊರಿನಲ್ಲಿ ಜನರೇ ಒಂದು ಬದಲಿ ವ್ಯಾಪಾರದ ಕೂಟ ಶುರು ಮಾಡಿದ್ದರು. ಒಬ್ಬರು ತರಕಾರಿ, ಒಬ್ಬರು ಹೊಲಿಗೆ, ಒಬ್ಬರು ಕ್ಷೌರ, ನಡುವೆ ತಾವೇ ಅಚ್ಚು ಹಾಕಿದ ಚೀಟಿ. ಒಳ್ಳೆಯ ಕೆಲಸ. 2002ರಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆದರೆ ಕಳ್ಳ ಚೀಟಿ ಹರಿದುಬಂತು, ತರುವ ಸಾಮಾನು ಕಡಿಮೆಯಾಯಿತು, ಚೀಟಿ ರಾಶಿಯಾಯಿತು. ವರ್ಷ ಮುಗಿಯುವುದರೊಳಗೆ ಹೆಚ್ಚಿನವು ಕುಸಿದವು. ವಾಪಸು ತೆಗೆದುಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಲಾ ರಿಯೋಹಾ ಎಂಬ ಪ್ರಾಂತ ಮತ್ತೆ ಚಾಚೊ ಎಂಬ ಕಾಗದ ಹೊರಡಿಸಿತು. ಅವರಿಗೆ ಇದು ನಮ್ಮ ಮಳೆಗಾಲದ ನೆರೆಯ ಹಾಗೆ, ಬರುತ್ತಾ ಇರುತ್ತದೆ.

ಈಗ ಎರಡನೇ ಕಾಗದ. ಆ ಟೀಚರ್ ನನ್ನನ್ನು "ನಿಮ್ಮಲ್ಲಿ ಹೀಗೆ ಉಂಟಾ?" ಎಂದು ಕೇಳಿದ್ದರು. ಉಂಟು ಅಂದಿದ್ದೆ. ಆದರೆ ಅಷ್ಟು ದೂರ ನಿಂತು ಅವರಿಗೆ ಹೇಳಲು ಭಾಷೆ ಸಾಲಲಿಲ್ಲ. ನಿಮಗೆ ಹೇಳುತ್ತೇನೆ.

ಈ ಶಾಲೆ 1974ರಲ್ಲಿ ಶುರುವಾದದ್ದು ನಿಮಗೆ ಗೊತ್ತು. ಪಡು ದಿಕ್ಕಿನ ಮೂರು ಕೋಣೆ ಕಟ್ಟಿದ್ದು 1977ರಲ್ಲಿ, ನಾನು ಆಗ ಒಂಬತ್ತನೇ ಕ್ಲಾಸು. ಅನುದಾನ ಮಂಜೂರಾಗಿತ್ತು, ದುಡ್ಡು ಬಂದಿರಲಿಲ್ಲ. ಮಳೆಗೆ ಮೊದಲು ಹಂಚು ಹೊದೆಸದಿದ್ದರೆ ಗೋಡೆ ಕರಗುತ್ತದೆ. ಆಗಿನ ಹೆಡ್‌ಮಾಸ್ಟ್ರು ನೋಟ್‌ಬುಕ್ಕಿನ ಹಾಳೆ ನಾಲ್ಕು ತುಂಡು ಮಾಡಿ, ರೂಪಾಯಿ ಬರೆದು, ಸಹಿ ಮಾಡಿ, ಶಾಲೆಯ ಸೀಲು ಒತ್ತಿ, ಶನಿವಾರ ಸಂಜೆ ಕೆಲಸದವರಿಗೆ ಬಟವಾಡೆ ಮಾಡುತ್ತಿದ್ದರು. ನಂಬರು ಒಂದು ಲೆಕ್ಕದ ಪುಸ್ತಕದಲ್ಲಿ. ಕಟ್ಟೆ ಹತ್ತಿರದ ಜಿನಸಿ ಅಂಗಡಿಯವರು ಆ ಚೀಟಿಗೆ ಅಕ್ಕಿ, ಮೆಣಸು, ಸೀಮೆಎಣ್ಣೆ ಕೊಡುತ್ತಿದ್ದರು. ಅವರಿಂದ ಅಕ್ಕಿ ಮಿಲ್ಲಿನವರು ತೆಗೆದುಕೊಂಡರು. ಕುಂದಾಪುರ ಪೇಟೆಯ ದೊಡ್ಡ ಅಂಗಡಿಯಲ್ಲಿ ಮಾತ್ರ ನಕ್ಕು ವಾಪಸು ಕಳಿಸಿದರಂತೆ. ನಮ್ಮ ಚೀಟಿಗೂ ಗಡಿ ಇತ್ತು.

ನನ್ನ ಅಮ್ಮ ಆ ಕೆಲಸಕ್ಕೆ ಮುರಕಲ್ಲು ಹೊತ್ತವಳು. ಚೀಟಿಗಳನ್ನು ಅಕ್ಕಿ ಮುಡಿಯ ಸಂದಿಯಲ್ಲಿ ಇಡುತ್ತಿದ್ದಳು. ಒಂದು ದಿನ ಮೂರು ರೂಪಾಯಿಯ ಒಂದು ಚೀಟಿ ನಾನು ಕದ್ದೆ. ಕಂಬಳಕ್ಕೆ ಹೋಗುವ ಆಸೆ, ಅಲ್ಲಿ ಐಸ್‌ಕ್ಯಾಂಡಿ ತಿನ್ನುವ ಆಸೆ. ಅಂಗಡಿಗೆ ಹೋಗಿ "ಹ್ವಾಯ್, ಇದಕ್ಕೆ ಚಿಲ್ಲರೆ ಕೊಡಿ" ಅಂದರೆ ಅವರು ಮುಟ್ಟಲೇ ಇಲ್ಲ. ಅವತ್ತು ಬೆಳಿಗ್ಗೆ ಹೆಡ್‌ಮಾಸ್ಟ್ರಿಗೆ ವರ್ಗದ ಆರ್ಡರ್ ಬಂದಿತ್ತು. ಸಹಿ ಮಾಡಿದವರೇ ಹೋದರೆ ಚೀಟಿಗೆ ದಿಕ್ಕು ಯಾರು? ಮಧ್ಯಾಹ್ನದೊಳಗೆ ಊರಿನ ಚೀಟಿಗಳೆಲ್ಲ ಬರೀ ಕಾಗದವಾದವು. ಬಾಯಿಯಾ ಬ್ಲಾಂಕಾದ ಬ್ಯಾಂಕಿನ ತಗಡು ಕಂಡಾಗ ನನಗೆ ನೆನಪಾದದ್ದು ಆ ಮಧ್ಯಾಹ್ನ, ಶಾಲೆಯ ಜಗಲಿಯಲ್ಲಿ ಕೂಗಾಡುತ್ತಿದ್ದ ಕಲ್ಲು ಕುಟಿಗರು.

ಹೆಡ್‌ಮಾಸ್ಟ್ರು ಹೋದರು. ಒಂದೂವರೆ ತಿಂಗಳ ಮೇಲೆ ಅನುದಾನ ಬಂತು. ಹೊಸಬರಿಗೆ ಚೀಟಿಯ ಲೆಕ್ಕ ಗೊತ್ತಿಲ್ಲ, ತಪ್ಪು ಅವರದ್ದಲ್ಲ. ಹಳೇ ಹೆಡ್‌ಮಾಸ್ಟ್ರು ತಮ್ಮ ಪುಸ್ತಕ ಹಿಡಿದು, ಬಸ್ಸು ಹತ್ತಿ, ಎರಡು ಭಾನುವಾರ ಇಲ್ಲಿಗೆ ಬಂದು ಇದೇ ಜಗಲಿಯಲ್ಲಿ ಕೂತು ಒಂದೊಂದೇ ಚೀಟಿ ನೋಡಿ, ಗೀಟು ಹಾಕಿ, ರೋಖ್ ದುಡ್ಡು ಎಣಿಸಿದರು. ಅಮ್ಮನ ಸರದಿ ಬಂದಾಗ ಪುಸ್ತಕದಲ್ಲಿ ಒಂದು ಚೀಟಿ ಹೆಚ್ಚಿಗೆ ಇತ್ತು. "ನಿಮ್ದು ಇನ್ನೊಂದು ಉಂಟಲ್ಲ, ಮೂರು ರೂಪಾಯಿದು? ಚೀಟಿ ಇಲ್ದಿದ್ರೂ ತಕೊಳ್ಳಿ, ಲೆಕ್ಕದಲ್ಲಿ ಉಂಟು" ಅಂದರು. ಅಮ್ಮ ಹಿಂದೆ ನಿಂತವರನ್ನೊಮ್ಮೆ ನೋಡಿದಳು. "ಚೀಟಿ ಇಲ್ದೆ ಬ್ಯಾಡ ಮಾಸ್ಟ್ರೇ, ನಾಳೆ ಇನ್ನೊಬ್ರು ಮಾತಾಡ್ತ್ರು" ಅಂದಳು. ಅದು ಅವಳ ಒಂದು ದಿನದ ಕೂಲಿ. ಕಂಬದ ಮರೆಯಲ್ಲಿ ನಾನಿದ್ದೆ. ಚೀಟಿ ನನ್ನ ಭೂಗೋಳ ಪುಸ್ತಕದೊಳಗಿತ್ತು. ಬಾಯಿ ಬಿಡಲಿಲ್ಲ.

ಅರ್ಜೆಂಟೀನಾದಿಂದ ಊರಿಗೆ ಬಂದ ವರ್ಷ ಅಮ್ಮನಿಗೆ ಈ ಪಟಾಕೋನ್ ತೋರಿಸಿದೆ. ಅದರ ಕಥೆ ಹೇಳುತ್ತಾ ಹೇಳುತ್ತಾ ಇದನ್ನೂ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ರಲ್ಲಿ ಎಂತ ತಿಂದೆ?" ಅಂದಳು. "ಎಂತದೂ ತಿನ್ಲಿಲ್ಲ, ಅಂಗಡಿಯವ್ರು ತಕೊಳ್ಲಿಲ್ಲ" ಅಂದೆ. "ಹಾಂಗಾರೆ ನಂಗೂ ಇಲ್ಲ, ನಿಂಗೂ ಇಲ್ಲ" ಎಂದು ಎದ್ದು ಒಳಗೆ ಹೋದಳು. ಅಮ್ಮ ತೀರಿಕೊಂಡು ಈಗ ಹನ್ನೊಂದು ವರ್ಷ.

ಇದೇ ಆ ಚೀಟಿ. ಸೀಲು ಮಾಸಿದೆ, ಸಹಿ ಓದಬಹುದು. ಎರಡನ್ನೂ ಶಾಲೆಯ ಕಪಾಟಿನಲ್ಲಿ ಇಡಿ ಎಂದು ಕೊಡುತ್ತಿದ್ದೇನೆ. ಈಗಿನ ಮುಖ್ಯೋಪಾಧ್ಯಾಯಿನಿಯವರು ರಶೀದಿ ಕೊಡುತ್ತೇನೆ ಅಂದಿದ್ದಾರೆ. ಮೇಡಂ, ಸೀಲು ಮರೆಯಬೇಡಿ.